ಹಳ್ಳಿಯವರು ನಗುತ್ತಾರೆ ಅಂದೆಯಲ್ಲ

ಪ್ರೀತಿಯ ಸಿರಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಕೃಷಿ ಕಾಲೇಜಿನ ಹಾಸ್ಟೆಲ್ಲು, ಊಟ, ಸೆಮಿಸ್ಟರ್ ವಿಷಯ ಎಲ್ಲ ನಿಮ್ಮಮ್ಮ ಆಗಲೇ ಹೇಳಿದ್ದಳು. ಆದರೆ ಕಾಗದದ ಕೊನೆಗೆ ಒಂದು ಮಾತು ಬರೆದಿದ್ದೀಯಲ್ಲ, 'ಕೊನೇ ವರ್ಷ ಹಳ್ಳೀಲಿ ಇರಬೇಕು, ರಾಗಿ ಯಾವುದು ಕಳೆ ಯಾವುದು ಅಂತ ಗೊತ್ತಾಗದ ನನ್ನ ನೋಡಿ ರೈತರು ನಗ್ತಾರೆ' ಅಂತ, ಅದನ್ನು ಓದಿದಾಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ.

ರಾಗಿ ಕುಲದ್ದೇ ಒಂದು ಹುಲ್ಲು ಹೊಲದಲ್ಲಿ ಬರುತ್ತದೆ. ಎಳೆಯದಿದ್ದಾಗ ಥೇಟ್ ರಾಗಿ ಪೈರೇ. ಕಳೆ ಕೀಳುವ ಹೆಂಗಸರೂ ಬಗ್ಗಿ ಬುಡ ನೋಡಿಯೇ ಕೈ ಹಾಕುತ್ತಾರೆ. ಜಯನಗರದಲ್ಲಿ ಬೆಳೆದವಳಿಗೆ ಗೊತ್ತಾಗಲಿಲ್ಲ ಅಂದರೆ ಅದೇನು ದೊಡ್ಡ ಮಾತಲ್ಲ ಕಣಮ್ಮ.

ಜಕ್ಕೂರಿನ ನಮ್ಮ ಹೊಲಕ್ಕೆ ಒಂದು ವರ್ಷ ಬೆಂಕಿ ರೋಗ ಬಿತ್ತು. ತೆನೆಯ ಕುತ್ತಿಗೆ ಕಪ್ಪಾಗಿ ಕಾಳೆಲ್ಲ ಜೊಳ್ಳು. ಹೆಬ್ಬಾಳದ ಕೃಷಿ ಕಾಲೇಜಿನಿಂದ ಒಬ್ಬ ಹುಡುಗ ಬಂದ. ನಿನ್ನ ವಯಸ್ಸೇ ಇರಬೇಕು. ಬದುವಿನ ಮೇಲೆ ಕೂತು ಉಗುರಲ್ಲಿ ತೆನೆ ಕುತ್ತಿಗೆ ಸೀಳಿ, ಒಳಗಿನ ಕಪ್ಪನ್ನು ಅಪ್ಪನಿಗೆ ತೋರಿಸಿ, ಇದು ಬೂಷ್ಟಿನ ಜಾತಿಯ ರೋಗ ಅಂದ. ಈಗೇನು ಮಾಡೋದು ಅಂತ ಅಪ್ಪ ಕೇಳಿದರು. 'ನಂಗೊತ್ತಿಲ್ಲ, ಮೇಷ್ಟ್ರನ್ನ ಕೇಳಿಕೊಂಡು ಬರ್ತೀನಿ' ಅಂದ. ಹೇಳಿದ ಹಾಗೆ ಬಂದ. ಯಾರೂ ನಗಲಿಲ್ಲ. ಕೊನೇವರೆಗೂ ಅಪ್ಪ ಆ ಹುಡುಗನ ಮಾತಾಡುತ್ತಿದ್ದರು. ಆ ರೋಗ ತಡೆಯುವ ಜಿಪಿಯು-28 ಅನ್ನೋ ರಾಗಿ ತಳಿ ಎಷ್ಟೋ ವರ್ಷದ ಮೇಲೆ ನಿಮ್ಮ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆಯಿಂದಲೇ ಬಂತು. ಅಷ್ಟರಲ್ಲಿ ನಮ್ಮ ಹೊಲವೇ ಇರಲಿಲ್ಲ.

ಅಕ್ಕಡಿ ಸಾಲು, ಅಂದರೆ ರಾಗಿ ಸಾಲುಗಳ ನಡುವೆ ಬೇರೆ ಬೆಳೆ ಹಾಕೋದು, ಅದೂ ಹೊಲದಲ್ಲಿ ನಿಂತೇ ಕಲಿಯಬೇಕಾದದ್ದು. ಎಷ್ಟು ಸಾಲು ರಾಗಿಗೆ ಒಂದು ಅಕ್ಕಡಿ, ಅವರೆ ಎಲ್ಲಿ, ಹುಚ್ಚೆಳ್ಳು ಎಲ್ಲಿ, ಯಾವ ಮಳೆಗೆ ಬಿತ್ತಬೇಕು, ಎಲ್ಲ ಅಪ್ಪನ ತಲೆಯಲ್ಲಿತ್ತು. ನಾನು ಬ್ಯಾಂಕಿನ ಕೆಲಸ ಅಂತ ಓಡಾಡಿಕೊಂಡಿದ್ದೆ. ಅವರ ಜೊತೆ ಒಂದು ಮುಂಗಾರು ಪೂರ್ತಿ ಹೊಲದಲ್ಲಿ ಇರೋಣ ಅಂತಿದ್ದ ಆಸೆ ಆಸೆಯಾಗೇ ಉಳಿಯಿತು. ಈಗ ಅಲ್ಲಿ ಅಪಾರ್ಟ್‌ಮೆಂಟ್ ಎದ್ದಿದೆ. ನಿನಗೆ ಕಾಲೇಜಿನವರೇ ಹಳ್ಳಿಗೆ ಕಳಿಸಿ, ರೈತರ ಜೊತೆ ಇರು ಅನ್ನುತ್ತಿದ್ದಾರೆ. ನೀನು ಅದಕ್ಕೇ ಹೆದರಿಕೊಂಡರೆ ನನ್ನ ಹೊಟ್ಟೆ ಉರಿಯದೆ ಇರುತ್ತಾ?

ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನ ಲಕ್ಷ್ಮಣಯ್ಯನವರ ಬಗ್ಗೆ ಪಾಠದಲ್ಲಿ ಕೇಳಿರುತ್ತೀಯ. ನಮ್ಮ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿ ಇಂಡಾಫ್ ತಳಿ ತೆಗೆದವರು. ರಾಗಿ ಹೂವು ಎಷ್ಟು ಚಿಕ್ಕದು ಅಂತ ನೀನೇ ಪ್ರಾಕ್ಟಿಕಲ್ಲಿನಲ್ಲಿ ನೋಡಿದ್ದೀಯ. ಪೈರಿನ ಹತ್ತಿರ ಗಂಟೆಗಟ್ಟಲೆ ಕೂರದೆ ಆಗುವ ಕೆಲಸವಾ ಅದು?

ನಗುತ್ತಾರೆ ಅನ್ನೋದಕ್ಕೆ ಏನು ಹೇಳಲಿ? ಮೊದಲ ದಿನ ಒಬ್ಬಿಬ್ಬರು ನಗಬಹುದು. ನಕ್ಕವರೇ ಆಮೇಲೆ ಕರೆದು ತೋರಿಸುತ್ತಾರೆ. ಬಿಸಿಲೇರುವ ಮುಂಚೆ ಹೊಲಕ್ಕೆ ಹೋಗು. ಕಳೆ ತೆಗೆಯುವ ಹೆಂಗಸರ ಜೊತೆ ಒಂದು ಸಾಲು ಹಿಡಿ, ಗೊತ್ತಾಗದಿದ್ದರೆ ಕಿತ್ತುಬಿಡುವ ಮುಂಚೆ ಅವರಿಗೆ ತೋರಿಸು. ಬೇಸಾಯ ಮಾಡದವನು ಇದನ್ನೆಲ್ಲ ಹೇಳಬಾರದೇನೋ, ಆದರೂ ಮನಸ್ಸು ತಡೆಯಲಿಲ್ಲ. ಅಕ್ಕಡಿ ಸಾಲು ಹಾಕುವವರು ಯಾರಾದರೂ ಸಿಕ್ಕರೆ ಲೆಕ್ಕ ಕೇಳಿ ಬರೆದುಕೋ. ನನಗೂ ಒಂದು ಪ್ರತಿ ಕಳಿಸು.

ಇಂತಿ ನಿನ್ನ ದೊಡ್ಡಪ್ಪ