ಬೋಟ್ ಸರ್ಫಿಂಗ್ ಪ್ರವಾಸ: ಹೆಸರು ಕೊಡುವ ಮುಂಚೆ ಓದಿ

ಎಲ್ಲರಿಗೂ ನಮಸ್ಕಾರ. ಬೋಟ್‌ನಲ್ಲಿ ಸಮುದ್ರದೊಳಗೆ ಹೋಗಿ ಸರ್ಫಿಂಗ್ (ಬೋರ್ಡ್ ಮೇಲೆ ನಿಂತು ಅಲೆ ಸವಾರಿ) ಮಾಡುವ ಪ್ರವಾಸ ಇದು. ಹೊಸಬರು ಬರಬಹುದಾ ಅಂತ ತುಂಬಾ ಜನ ಕೇಳಿದ್ದೀರಿ. ಬೋರ್ಡ್ ಮೇಲೆ ಎದ್ದು ನಿಲ್ಲುವುದನ್ನು ಈಗಷ್ಟೇ ಕಲಿತವರಿಗೆ ಈ ಸಲ ಬೇಡ. ಬೋಟ್ ನಿಲ್ಲುವುದು ಹವಳದ ದಿಬ್ಬದ ಪಕ್ಕದ ಆಳ ನೀರಿನಲ್ಲಿ. ಅಲ್ಲಿಂದ ಅಲೆ ಏಳುವ ಜಾಗಕ್ಕೆ ನೀವೇ ಬೋರ್ಡ್ ಮೇಲೆ ಮಲಗಿ ಕೈಯಿಂದ ನೀರು ತಳ್ಳುತ್ತಾ ಹೋಗಬೇಕು. ಬಿದ್ದರೆ ಕೆಳಗೆ ಮರಳಲ್ಲ, ಚೂಪಾದ ಹವಳ. ಸಣ್ಣ ಗೀರು ಅಂತ ಸುಮ್ನೆ ಬಿಡಬೇಡಿ. ತಕ್ಷಣ ಚೆನ್ನಾಗಿ ತೊಳೆಯಿರಿ, ಇಲ್ಲದಿದ್ದರೆ ಬೇಗ ಕೀವಾಗುತ್ತದೆ.

ವಾಂತಿ ಮಾತ್ರೆ ಯಾವುದೆಂದು ಡಾಕ್ಟರ್ ಹತ್ತಿರ ಕೇಳಿಕೊಳ್ಳಿ. ಬೋಟ್ ಹೊರಡುವ ಮೊದಲೇ ನುಂಗಿ, ತಲೆ ಸುತ್ತತೊಡಗಿದ ಮೇಲೆ ಜಾಸ್ತಿ ಉಪಯೋಗವಿಲ್ಲ. ಲೀಶ್ (ಬೋರ್ಡನ್ನು ಕಾಲಿಗೆ ಕಟ್ಟುವ ಹಗ್ಗ), ಫಿನ್ (ಬೋರ್ಡ್ ಅಡಿಯ ರೆಕ್ಕೆ) ಒಂದೊಂದು ಹೆಚ್ಚಿಗೆ ಇರಲೇಬೇಕು.

ವಿಮೆಯಲ್ಲಿ ಸರ್ಫಿಂಗ್ ಗಾಯ, ಬೋಟ್‌ನಿಂದ ಆಸ್ಪತ್ರೆಗೆ ಸಾಗಿಸುವ ಖರ್ಚು ಎರಡೂ ಸೇರಿವೆಯಾ ನೋಡಿ. ಇದಿಲ್ಲದೆ ದಯವಿಟ್ಟು ಹೊರಡಬೇಡಿ.