1956ರಲ್ಲಿ ಕೊಟ್ಟ ಎರಡನೆಯ ಮಾತು

ಸಂಪಾದಕರಿಗೆ,

ಮಾನ್ಯರೇ,

ರಾಜ್ಯೋತ್ಸವದ ತಿಂಗಳಿನಲ್ಲಿ ನಿಮ್ಮ ಪತ್ರಿಕೆಯಲ್ಲಿ ಭಾಷಾನೀತಿಯ ಬಗ್ಗೆ ಬಂದ ಪತ್ರಗಳನ್ನು ಒಂದೂ ಬಿಡದೆ ಓದಿದ್ದೇನೆ. ಹಿಂದಿ ಮತ್ತು ಇಂಗ್ಲಿಷಿನಿಂದ ಕನ್ನಡದ ಮೇಲೆ ಬೀಳುತ್ತಿರುವ ಒತ್ತಡದ ಬಗ್ಗೆ ಬರೆದವರ ಆತಂಕ ನನ್ನದೂ ಹೌದು. ಆದರೆ ಆ ಪತ್ರಗಳಲ್ಲಿ ಎಲ್ಲಿಯೂ ಕಾಣದ ಒಂದು ವಿಷಯವಿದೆ. ಕನ್ನಡ ನಾಡು ಒಂದಾದ 1956ರಲ್ಲಿಯೇ ಸಂವಿಧಾನವು ಈ ನಾಡಿನಲ್ಲಿ ಬೇರೆ ಮನೆಮಾತಿನವರಾಗಿ ಉಳಿದ ಮಕ್ಕಳಿಗೂ ಒಂದು ಮಾತು ಕೊಟ್ಟಿತ್ತು. ನಮ್ಮ ಭಾಗದಲ್ಲಿ ಆ ಮಾತು ಬಹುಪಾಲು ಕಾಗದದಲ್ಲಿಯೇ ಉಳಿದಿದೆ. ಲಿಂಗಸುಗೂರಿನಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಅರ್ಜಿ, ವಾಟ್ನಿ (ಆಸ್ತಿ ಪಾಲು) ಪತ್ರ, ಖರೀದಿ ಪತ್ರ ಬರೆದುಕೊಡುತ್ತ ಬಂದಿರುವ ನಾನು ಆಡಳಿತದ ಭಾಷೆಗೂ ಜನರ ಭಾಷೆಗೂ ನಡುವೆ ಕುಳಿತು ಹೊಟ್ಟೆ ಹೊರೆದುಕೊಂಡವನಾದ್ದರಿಂದ ಇದನ್ನು ಬರೆಯುವುದು ನನ್ನ ಹೊಣೆಯೆಂದು ತಿಳಿದಿದ್ದೇನೆ.

ಕೆಲವು ತಿಂಗಳ ಹಿಂದೆ ಮುದಗಲ್ ಕಡೆಯ ಹಳ್ಳಿಯ ಅಜ್ಜಿಯೊಬ್ಬರು ಹಳೆಯ ಅರಿವೆಯಲ್ಲಿ ಸುತ್ತಿದ ಜಮೀನಿನ ಕಾಗದವೊಂದನ್ನು ತಂದರು. ನಿಜಾಮರ ಕಾಲದ ಆ ಕಾಗದ ಪೂರ್ತಿ ಉರ್ದುವಿನಲ್ಲಿತ್ತು, ಮಡಿಕೆಯ ಗೆರೆಯಲ್ಲಿ ಹರಿದು ಎರಡು ತುಂಡಾಗಿತ್ತು. ಅದನ್ನು ಓದಬಲ್ಲವರು ಯಾವ ಕಚೇರಿಯಲ್ಲಿಯೂ ಸಿಗಲಿಲ್ಲ. ಕೊನೆಗೆ ನಿವೃತ್ತ ಉರ್ದು ಮಾಸ್ತರರೊಬ್ಬರ ಮನೆಗೆ ಹೋದೆವು. ಅವರು ಕನ್ನಡಕ ಏರಿಸಿಕೊಂಡು, ಬಲದಿಂದ ಎಡಕ್ಕೆ ಸಾಲಿನ ಕೆಳಗೆ ಉಗುರು ಸರಿಸುತ್ತ, ಚಕ್ಕುಬಂದಿಯನ್ನು ಒಂದೊಂದಾಗಿ ನಮ್ಮ ರಾಯಚೂರು ಕಡೆಯ ಕನ್ನಡದಲ್ಲಿ ಹೇಳಿದರು. ‘ಅದರಾಗ ನಮ್ಮ ಮಾವನ ಹೆಸರು ಐತೇನ್ರಿ?’ ಎಂದು ಅಜ್ಜಿ ಎರಡು ಸಲ ಕೇಳಿದರು. ಹೆಸರಿತ್ತು. ತಮ್ಮದೇ ಹೊಲದ ಮೇಲಿನ ಹಕ್ಕನ್ನು ಹೇಳುವ ಆ ಕಾಗದವನ್ನು ಮೂರು ತಲೆಮಾರು ಓದಲಾಗದೆ ಪೆಟ್ಟಿಗೆಯಲ್ಲಿಟ್ಟು ಕಾಯ್ದ ಮನೆ ಅದು.

ಇಂಥ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ನಮ್ಮ ಜಿಲ್ಲೆ ಸೇರಿದ್ದ ಹೈದರಾಬಾದ್ ಸಂಸ್ಥಾನದಲ್ಲಿ 1880ರ ದಶಕದವರೆಗೆ ಫಾರ್ಸಿ, ಆಮೇಲೆ ಉರ್ದು ಆಡಳಿತ ಭಾಷೆಯಾಗಿತ್ತು. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಅನುವಾದ ವಿಭಾಗವೊಂದನ್ನೇ ಕಟ್ಟಿ ವಿಜ್ಞಾನ, ವೈದ್ಯ, ಕಾನೂನುಗಳನ್ನೆಲ್ಲ ಉರ್ದುವಿನಲ್ಲಿ ಕಲಿಸಿತು. ಸರ್ಕಾರ ಮನಸ್ಸು ಮಾಡಿ ಹಣ ಹಾಕಿದರೆ ಈ ನೆಲದ ಭಾಷೆಯೊಂದು ಉನ್ನತ ಶಿಕ್ಷಣದ ಮಾಧ್ಯಮವಾಗಬಲ್ಲದು ಎಂಬುದನ್ನು ತೋರಿಸಿದ ಆ ಪ್ರಯತ್ನದ ಬಗ್ಗೆ ನನಗೆ ಗೌರವವಿದೆ. ಆದರೆ ಆ ಸಂಸ್ಥಾನದ ಬಹುಪಾಲು ಮಕ್ಕಳು ತೆಲುಗು, ಮರಾಠಿ, ಕನ್ನಡದ ಮನೆಗಳಿಂದ ಬಂದವರು. ಅವರಿಗೆ ಉರ್ದು ಶಾಲೆಗೆ ಕಾಲಿಟ್ಟ ದಿನ ಎದುರಾದ ಹೊಸ ಭಾಷೆ. ಮಸ್ಕಿಯ ಗುಡ್ಡದ ಮೇಲೆ ಅಶೋಕ ಕೆತ್ತಿಸಿದ ಶಾಸನವೂ ಪ್ರಾಕೃತದಲ್ಲಿದೆ ಎಂಬುದನ್ನು ನೆನೆದರೆ, ಸರ್ಕಾರ ಒಂದು ಭಾಷೆಯಲ್ಲಿ ಹೇಳುವುದು, ಜನ ಇನ್ನೊಂದರಲ್ಲಿ ಬದುಕುವುದು ನಮ್ಮ ಸೀಮೆಗೆ ಬಹಳ ಹಳೆಯ ಅನುಭವವೆಂದೇ ಹೇಳಬೇಕು.

ಆದ್ದರಿಂದಲೇ 1956ರ ನವೆಂಬರ್ 1 ನಮಗೆ ದೊಡ್ಡ ದಿನ. ಮದ್ರಾಸ್ ಪ್ರಾಂತ್ಯದಲ್ಲಿದ್ದ ಬಳ್ಳಾರಿ ಮೂರು ವರ್ಷ ಮೊದಲೇ, 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರಿತ್ತು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರದ ಪಾಲಾದವು. 1956ರಲ್ಲಿ ರಾಯಚೂರು ನಮ್ಮ ಕಡೆ ಬಂದಾಗ ಆಲಂಪುರ, ಗದ್ವಾಲಗಳು ಆಚೆ ಹೋದವು. ಗಡಿಯ ಕಲ್ಲು ನೆಟ್ಟರೂ ಮನೆಗಳೊಳಗಿನ ಮಾತು ಆ ಕಲ್ಲನ್ನು ನೋಡಿ ಬದಲಾಗಲಿಲ್ಲ. ಇದನ್ನು ಅಂದಿನ ಸಂಸತ್ತು ಬಲ್ಲದಾಗಿತ್ತು. ಭಾಷಾವಾರು ರಾಜ್ಯಗಳಿಗೆ ದಾರಿ ಮಾಡಿದ ಏಳನೆಯ ತಿದ್ದುಪಡಿಯಲ್ಲಿಯೇ 350ಎ ವಿಧಿಯನ್ನು ಸೇರಿಸಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ಸಾಕಷ್ಟು ಸೌಲಭ್ಯ ಒದಗಿಸುವುದು ರಾಜ್ಯಗಳ ಕರ್ತವ್ಯವೆಂದು ಬರೆಯಿತು. ಕನ್ನಡಿಗರಿಗೆ ಕನ್ನಡದ ರಾಜ್ಯ ಎಂಬುದು ಮೊದಲ ಮಾತು, ಇದು ಎರಡನೆಯದು. ಎರಡನ್ನೂ ಕೊಟ್ಟದ್ದು ಒಂದೇ ತಿದ್ದುಪಡಿ.

ಅದೇ 1956ರಲ್ಲಿ ನೆರೆಯ ಎರಡು ದೇಶಗಳಲ್ಲಿ ಏನಾಯಿತೆಂಬುದನ್ನು ನೋಡಿದರೆ ಈ ಎರಡನೆಯ ಮಾತಿನ ಬೆಲೆ ತಿಳಿಯುತ್ತದೆ. ಪಾಕಿಸ್ತಾನದ ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಮಾತು ಬಂಗಾಲಿಯಾಗಿದ್ದರೂ, ಜಿನ್ನಾ ಅವರು 1948ರ ಮಾರ್ಚಿನಲ್ಲಿ ಢಾಕಾಕ್ಕೇ ಹೋಗಿ ರಾಜ್ಯಭಾಷೆ ಉರ್ದು ಒಂದೇ ಎಂದು ಸಾರಿದರು. 1952ರ ಫೆಬ್ರವರಿ 21ರಂದು ಅದೇ ಊರಿನಲ್ಲಿ ಪೊಲೀಸರ ಗುಂಡಿಗೆ ವಿದ್ಯಾರ್ಥಿಗಳು ಬಲಿಯಾದ ಮೇಲೆ, 1956ರ ಸಂವಿಧಾನದಲ್ಲಿ ಬಂಗಾಲಿಗೂ ಸ್ಥಾನ ಸಿಕ್ಕಿತು. ಅಷ್ಟರಲ್ಲಿ ಮನಸ್ಸು ಮುರಿದಿತ್ತು, 1971ರಲ್ಲಿ ದೇಶವೇ ಮುರಿಯಿತು. ಶ್ರೀಲಂಕಾ 1956ರಲ್ಲಿ ಸಿಂಹಳವೊಂದನ್ನೇ ಆಡಳಿತ ಭಾಷೆ ಮಾಡಿತು. ಇಂಗ್ಲಿಷಿನ ಜಾಗಕ್ಕೆ ಜನರ ಭಾಷೆ ಬರಬೇಕೆಂಬ ಆಸೆ ಅಲ್ಲಿಯೂ ನ್ಯಾಯವಾದದ್ದೇ ಆಗಿತ್ತು. ಆದರೆ ಕಚೇರಿಗಳಲ್ಲಿದ್ದ ತಮಿಳು ಗುಮಾಸ್ತರು ಕೆಲಸ ಉಳಿಸಿಕೊಳ್ಳಲು ಸಿಂಹಳದ ಪರೀಕ್ಷೆ ಪಾಸು ಮಾಡಬೇಕಾಯಿತು, ತಮಿಳು ರೈತ ತನ್ನ ಸರ್ಕಾರಕ್ಕೆ ತಾನೇ ಹೊರಗಿನವನಾದ. ತಮಿಳನ್ನೂ ಆಡಳಿತ ಭಾಷೆಯೆಂದು ಒಪ್ಪುವ ತಿದ್ದುಪಡಿ ಬಂದದ್ದು 1987ರಲ್ಲಿ, ಅಂತರ್ಯುದ್ಧ ಶುರುವಾಗಿ ನಾಲ್ಕು ವರ್ಷ ಕಳೆದ ಮೇಲೆ. ಭಾಷೆಯೊಂದೇ ಆ ಯುದ್ಧಕ್ಕೆ ಕಾರಣವೆಂದು ನಾನು ಹೇಳುವುದಿಲ್ಲ. ಕಚೇರಿಯ ಕಿಟಕಿಯಲ್ಲಿ ನಿಂತು ತನ್ನ ಮಾತು ನಡೆಯದೆ ಹಿಂದಿರುಗಿದವನ ಮನಸ್ಸಿನಲ್ಲಿ ಏನು ಬೆಳೆಯುತ್ತದೆ ಎಂಬುದನ್ನು ಮಾತ್ರ ದಿನವೂ ಕಾಣುತ್ತೇನೆ.

ನಮ್ಮ ದೇಶ ಆ ದಾರಿ ಹಿಡಿಯಲಿಲ್ಲ ಎಂಬುದು ಸಮಾಧಾನದ ವಿಷಯ. ಉರ್ದು ಮಾಧ್ಯಮದ ಸರ್ಕಾರಿ ಶಾಲೆಗಳು ನಮ್ಮ ಜಿಲ್ಲೆಯಲ್ಲಿ ಇಂದಿಗೂ ನಡೆಯುತ್ತಿವೆ. ಆದರೆ ಲಂಬಾಣಿಗರ ತಾಂಡಾಗಳಿಗೆ ಹೋಗಿ ನೋಡಬೇಕು. ಕಳೆದ ವರ್ಷ ಶಾಲೆಗೆ ಎರಡು ಗುಂಟೆ ಜಾಗ ಕೊಡುತ್ತೇನೆಂದ ರೈತರೊಬ್ಬರ ದಾನಪತ್ರ ಬರೆಯಲು ಒಂದು ತಾಂಡಾಕ್ಕೆ ಹೋಗಿದ್ದೆ. ಒಂದನೆಯ ತರಗತಿಯಲ್ಲಿ ಮಾಸ್ತರರು ಗೋಡೆಯ ಚಿತ್ರಪಟ ತೋರಿಸಿ ಹೆಸರು ಕೇಳುತ್ತಿದ್ದರು. ರೊಟ್ಟಿಯ ಚಿತ್ರಕ್ಕೆ ಕೋಲು ಇಟ್ಟ ಕೂಡಲೇ ಮುಂದಿನ ಸಾಲಿನ ಹುಡುಗಿ ಎದ್ದು ನಿಂತು ‘ಬಾಟಿ’ ಎಂದು ಗಟ್ಟಿಯಾಗಿ ಹೇಳಿದಳು. ಅವಳ ಮನೆಯಲ್ಲಿ ಅದರ ಹೆಸರೇ ಅದು. ಮಾಸ್ತರರು ‘ಬಾಟಿ ಅಲ್ಲ, ರೊಟ್ಟಿ’ ಎಂದರು. ಮುಂದಿನ ಚಿತ್ರ ನೀರಿನ ಕೊಡದ್ದು. ಅವಳು ಬಾಯಿ ತೆರೆಯಲಿಲ್ಲ, ನಾನಿದ್ದಷ್ಟು ಹೊತ್ತೂ ತೆರೆಯಲಿಲ್ಲ. ಆ ಮಾಸ್ತರರು ಕೆಟ್ಟವರಲ್ಲ. ಬೇರೆ ತಾಲ್ಲೂಕಿನಿಂದ ಬಂದವರು, ಲಂಬಾಣಿ ಬಾರದು, ಬಾರದವರು ಅಲ್ಲಿ ಹೇಗೆ ಕಲಿಸಬೇಕೆಂದು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ‘ಹೌದವ್ವ, ಬಾಟಿ, ಕನ್ನಡದಾಗ ಇದಕ್ಕ ರೊಟ್ಟಿ ಅಂತಾರ’ ಎಂಬ ಒಂದು ವಾಕ್ಯ ಅವರ ಕೈಲಿದ್ದಿದ್ದರೆ ಆ ಮಗು ಆ ಹೊತ್ತಿನಲ್ಲಿಯೇ ಒಂದು ಕನ್ನಡ ಪದ ಕಲಿತಿರುತ್ತಿತ್ತು. ಸುಗ್ಗಿ ಮುಗಿದ ಮೇಲೆ ತಂದೆ ತಾಯಿ ಪುಣೆಗೋ ಬೆಂಗಳೂರಿಗೋ ಗುಳೆ ಹೋಗುವ ಮನೆಗಳ ಮಕ್ಕಳಿವರು. ಇಂಥವರು ಶಾಲೆಯಲ್ಲಿ ಮೌನವಾದರೆ ಶಾಲೆ ಬಿಡುವುದು ತಡವಾಗುವುದಿಲ್ಲ.

ಲಂಬಾಣಿ ಸಂವಿಧಾನದ ಎಂಟನೆಯ ಪರಿಚ್ಛೇದದ 22 ಭಾಷೆಗಳಲ್ಲಿಲ್ಲ. 2011ರ ಜನಗಣತಿಯಲ್ಲಿ ಇದನ್ನು ತಮ್ಮ ಮಾತೃಭಾಷೆಯೆಂದು ಬರೆಸಿದವರು ದೇಶದಲ್ಲಿ 32 ಲಕ್ಷಕ್ಕೂ ಹೆಚ್ಚು ಇದ್ದರೂ, ಅವರನ್ನೆಲ್ಲ ಹಿಂದಿಯ ಲೆಕ್ಕದೊಳಗೆ ಸೇರಿಸಲಾಗಿದೆ. ಹಿಂದಿ ಹೇರಿಕೆಯನ್ನು ವಿರೋಧಿಸುವ ನಾವು ನಮ್ಮ ತಾಂಡಾದ ಮಾತು ಹಿಂದಿಯ ಖಾತೆಗೆ ಜಮೆಯಾಗುವುದನ್ನು ಕಂಡೂ ಸುಮ್ಮನಿದ್ದೇವಲ್ಲ ಎಂಬುದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಮನೆಮಾತಿಗೆ ಶಾಲೆಯಲ್ಲಿ ಜಾಗ ಕೊಟ್ಟರೆ ಕನ್ನಡ ಸೊರಗುತ್ತದೆಂದು ಗೆಳೆಯರು ವಾದಿಸುತ್ತಾರೆ. ಸಿಂಧನೂರಿನ ಕ್ಯಾಂಪುಗಳಿಗೆ ಬಂದರೆ ಅವರ ಭಯ ಹೋದೀತು. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದು ನೆಲೆನಿಂತ ಬಂಗಾಲಿ ಕುಟುಂಬಗಳು, ತುಂಗಭದ್ರೆಯ ನೀರು ಹರಿದ ಮೇಲೆ ಭತ್ತ ಬೆಳೆಯಲು ಬಂದ ತೆಲುಗು ರೈತರು ಮನೆಯಲ್ಲಿ ತಮ್ಮ ಮಾತು ಬಿಟ್ಟಿಲ್ಲ. ಸಂತೆಯಲ್ಲಿ ಅವರ ಮಕ್ಕಳು ಆಡುವುದು ನಮ್ಮಂಥದೇ ಕನ್ನಡ. ಕನ್ನಡವನ್ನು ಕಡ್ಡಾಯ ಮಾಡಿದರೆ ಸಾಕೆನ್ನುವವರು, ಮಾತೃಭಾಷಾ ಮಾಧ್ಯಮವನ್ನು ಹೇರಲು ಸರ್ಕಾರಕ್ಕೆ ಅಧಿಕಾರವಿಲ್ಲವೆಂದು ಸುಪ್ರೀಂ ಕೋರ್ಟ್ 2014ರ ಮೇ ತಿಂಗಳಲ್ಲಿ ಕೊಟ್ಟ ತೀರ್ಪನ್ನು ನೆನೆಯಬೇಕು. ಒತ್ತಾಯದ ದಾರಿ ಮುಚ್ಚಿರುವಾಗ ಉಳಿದಿರುವುದು ಸೌಲಭ್ಯದ ದಾರಿ, ಮತ್ತು 350ಎ ವಿಧಿ ಕೇಳುವುದೂ ಸೌಲಭ್ಯವನ್ನೇ. ಕನ್ನಡದ ಮಕ್ಕಳಿಗೆ ಒಳ್ಳೆಯ ಕನ್ನಡ ಶಾಲೆ ಬೇಕೆಂದು ನಾವು ಕೇಳುವ ಹಕ್ಕಿಗೂ ಬಲ ಬರುವುದು ಇದರಿಂದಲೇ.

ಆಡಳಿತದ ಕನ್ನಡದ ಬಗ್ಗೆಯೂ ಒಂದು ಮಾತು. ಕರ್ನಾಟಕ ರಾಜಭಾಷಾ ಅಧಿನಿಯಮ ಬಂದದ್ದು 1963ರಲ್ಲಿ. ಅಂದಿನಿಂದ ಇಂದಿಗೆ ಆದೇಶಗಳು ಕನ್ನಡದಲ್ಲಿ ಬರುತ್ತಿವೆ, ಸಂತೋಷ. ಆದರೆ ಅವುಗಳನ್ನು ಓದಿಸಿಕೊಳ್ಳಲು ಜನ ಇನ್ನೂ ನನ್ನಂಥವರ ಬಳಿ ಬರಬೇಕಾಗಿದೆ. ‘ರದ್ದು’ ಎಂದರೆ ನಮ್ಮ ಭಾಗದ ಕೂಲಿಯವರಿಗೂ ತಿಳಿಯುತ್ತದೆ. ‘ನಿರಸನಗೊಳಿಸಲಾಗಿದೆ’ ಎಂದು ಬರೆದರೆ ಅದಕ್ಕೆ ನಾನು ಅರ್ಥ ಹೇಳಬೇಕು. ಮಂಜೂರು, ಜಮೀನು, ವಸೂಲಿ, ಫೈಸಲ್ ಇವೆಲ್ಲ ಫಾರ್ಸಿ, ಉರ್ದುವಿನ ಮೂಲಕ ಬಂದು ನಮ್ಮ ಅಡುಗೆಮನೆಯವರೆಗೂ ಹೊಕ್ಕ ಪದಗಳು. ಇವುಗಳನ್ನು ತೆಗೆದು ಸಂಸ್ಕೃತದ ಗಟ್ಟಿ ಪದ ಇಡುವುದರಿಂದ ಆಡಳಿತ ಹೆಚ್ಚು ಕನ್ನಡವಾಗುವುದಿಲ್ಲ.

ನನ್ನ ಕೋರಿಕೆ ಸಣ್ಣದು, ಹೊಸ ಕಾಯ್ದೆಯನ್ನೂ ಬೇಡುವುದಿಲ್ಲ. ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371ಜೆ ವಿಧಿಯಿಂದಾಗಿ ನಮ್ಮ ಭಾಗದ ಹುದ್ದೆಗಳಲ್ಲಿ ಸ್ಥಳೀಯರಿಗೆ ಮೀಸಲಾತಿಯಿದೆ. ಶಿಕ್ಷಕರ ತರಬೇತಿ ಪಡೆದ ಲಂಬಾಣಿ ಯುವಕ ಯುವತಿಯರು ಪ್ರತಿ ತಾಲ್ಲೂಕಿನಲ್ಲಿದ್ದಾರೆ. ಸ್ಥಳ ನಿಯುಕ್ತಿಯ ಕೌನ್ಸೆಲಿಂಗ್‌ನಲ್ಲಿ ಶಿಕ್ಷಕರಿಗೆ ಯಾವ ಯಾವ ಭಾಷೆ ಬರುತ್ತದೆಂದು ಕೇಳಿ, ತಾಂಡಾ ಶಾಲೆಗಳ ಒಂದು ಮತ್ತು ಎರಡನೆಯ ತರಗತಿಗೆ ಲಂಬಾಣಿ ಬಲ್ಲವರನ್ನು ಕಳಿಸಬೇಕು. ಕನ್ನಡ ಲಿಪಿಯಲ್ಲಿಯೇ ಲಂಬಾಣಿ ಪದಗಳನ್ನೂ ಅವುಗಳ ಜೊತೆಗೆ ಕನ್ನಡ ಪದಗಳನ್ನೂ ಅಚ್ಚು ಮಾಡಿದ ಒಂದು ಚಿತ್ರಪಟವನ್ನು ಈ ಶಾಲೆಗಳ ಗೋಡೆಗೆ ಹಾಕಬೇಕು. ಹಳೆಯ ದಾಖಲೆಗಳಿರುವ ಕಚೇರಿಗಳಲ್ಲಿ ವಾರಕ್ಕೆ ಒಂದು ದಿನವಾದರೂ ಉರ್ದು ಓದಿ ಕನ್ನಡದಲ್ಲಿ ಹೇಳಬಲ್ಲವರನ್ನು ಕೂರಿಸಬೇಕು. ನಮ್ಮ ಊರಿನ ಆ ಮಾಸ್ತರರಿಗೆ ಈಗ ಎಂಬತ್ತರ ಮೇಲಾಗಿದೆ, ಮತ್ತು ಅವರ ಮನೆಗೆ ಕರೆದುಕೊಂಡು ಹೋಗಬೇಕಾದ ಇನ್ನೂ ನಾಲ್ಕು ಕುಟುಂಬಗಳ ಕಾಗದಗಳು ನನ್ನ ಕಪಾಟಿನಲ್ಲಿವೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಅರ್ಜಿ ಬರಹಗಾರ
ಲಿಂಗಸುಗೂರು, ರಾಯಚೂರು ಜಿಲ್ಲೆ