ಶಿಫಾರಸು ಪತ್ರದಲ್ಲಿ ಬರೆಯಲು ಏನಾದರೂ ಇರಬೇಕಲ್ಲ!

ಮಾನ್ಯ ಸಂಪಾದಕರೇ,

ಭೌತವಿಜ್ಞಾನದಲ್ಲಿ ಪಿಎಚ್‌.ಡಿ. ವಿದೇಶದಲ್ಲಿ ಮಾಡಬೇಕೆನ್ನುವ ಪದವಿ ವಿದ್ಯಾರ್ಥಿಗಳಿಗೆ ಪತ್ರಿಕೆಗಳ ಶಿಕ್ಷಣ ಪುಟದಲ್ಲಿ ಸಿಗುವ ಸಲಹೆ ಬಹುಪಾಲು ಅಂಕ ಮತ್ತು ಪ್ರವೇಶ ಪರೀಕ್ಷೆಗಳ ಸುತ್ತಲೇ ಗಿರಕಿ ಹೊಡೆಯುತ್ತದೆ. ಅರ್ಜಿ ಪರಿಶೀಲಿಸುವ ಸಮಿತಿ ಅಂಕಪಟ್ಟಿ ನೋಡುವುದು ನಿಜ. ಆದರೆ ಒಳ್ಳೆಯ ಅಂಕದವರೇ ಸಾಲುಗಟ್ಟಿ ನಿಂತಿರುವಾಗ ಒಬ್ಬರನ್ನು ಇನ್ನೊಬ್ಬರಿಂದ ಬೇರ್ಪಡಿಸುವುದು ಶಿಫಾರಸು ಪತ್ರಗಳು. ಸಾಮಾನ್ಯವಾಗಿ ಮೂರು ಪತ್ರ ಬೇಕು. ‘ನನ್ನ ತರಗತಿಯಲ್ಲಿ ಮೊದಲ ಸ್ಥಾನ ಪಡೆದ ಶಿಸ್ತಿನ ವಿದ್ಯಾರ್ಥಿ’ ಎಂದು ಯಾರಾದರೂ ಬರೆದುಕೊಟ್ಟರೆ ಅದರಿಂದ ಹೆಚ್ಚೇನೂ ಉಪಯೋಗವಿಲ್ಲ. ಅಷ್ಟು ಅಂಕಪಟ್ಟಿಯೇ ಹೇಳುತ್ತದೆ. ಉತ್ತರ ಮೊದಲೇ ಗೊತ್ತಿಲ್ಲದ ಪ್ರಶ್ನೆಯ ಮುಂದೆ ಈ ವಿದ್ಯಾರ್ಥಿ ಏನು ಮಾಡಿದ, ಸಿಕ್ಕಿಬಿದ್ದಾಗ ಹೇಗೆ ಬಿಡಿಸಿಕೊಂಡ ಎಂದು ಬರೆಯಲು ಅಧ್ಯಾಪಕರ ಬಳಿ ಸರಕು ಇರಬೇಕು. ಆ ಸರಕನ್ನು ಕೊನೆಯ ವರ್ಷದಲ್ಲಿ ಒದಗಿಸಲಾಗದು. ಎರಡನೇ ವರ್ಷದಲ್ಲೇ ಕೆಲಸ ಶುರುವಾಗಬೇಕು.

ಕ್ಲಾಸಿಕಲ್ ಮೆಕ್ಯಾನಿಕ್ಸ್, ವಿದ್ಯುತ್ಕಾಂತತೆ, ಕ್ವಾಂಟಂ ಮೆಕ್ಯಾನಿಕ್ಸ್, ಸ್ಟ್ಯಾಟಿಸ್ಟಿಕಲ್ ಮೆಕ್ಯಾನಿಕ್ಸ್ – ಈ ನಾಲ್ಕು ಗಟ್ಟಿಯಿರಬೇಕೆಂದು ಎಲ್ಲರೂ ಹೇಳುತ್ತಾರೆ. ಇವುಗಳಲ್ಲಿ ಎಡವುವವರು ನಿಜವಾಗಿ ಎಡವುವುದು ಗಣಿತದಲ್ಲಿ ಎಂಬುದನ್ನು ಮಾತ್ರ ಹೇಳುವುದಿಲ್ಲ. ಸ್ಪ್ರಿಂಗ್‌ನಿಂದ ಜೋಡಿಸಿದ ಎರಡು ದ್ರವ್ಯರಾಶಿಗಳ ಸಹಜ ಆವರ್ತಾಂಕ ಹುಡುಕುವುದೂ ಎರಡೇ ಮಟ್ಟಗಳಿರುವ ಕ್ವಾಂಟಂ ವ್ಯವಸ್ಥೆಯ ಶಕ್ತಿಗಳನ್ನು ಲೆಕ್ಕ ಹಾಕುವುದೂ ಗಣಿತದ ಮಟ್ಟಿಗೆ ಒಂದೇ ಕೆಲಸ: 2×2 ಮ್ಯಾಟ್ರಿಕ್ಸ್‌ನ ಐಗನ್ ಮೌಲ್ಯ (ಮ್ಯಾಟ್ರಿಕ್ಸ್ ತನ್ನ ವಿಶೇಷ ದಿಕ್ಕಿನ ವೆಕ್ಟರನ್ನು ಎಷ್ಟು ಪಟ್ಟು ಮಾಡುತ್ತದೆ ಎಂಬ ಸಂಖ್ಯೆ) ಕಂಡುಹಿಡಿಯುವುದು. ಇದು ಹೊಳೆಯದವರಿಗೆ ಕ್ವಾಂಟಂ ಪಾಠ ಮಂತ್ರದಂತೆ ಕೇಳಿಸುತ್ತದೆ. ಆದ್ದರಿಂದ ಲೀನಿಯರ್ ಆಲ್ಜೀಬ್ರಾ, ಅವಕಲ ಸಮೀಕರಣ, ಫೂರಿಯರ್ ಸರಣಿ, ವೆಕ್ಟರ್ ಕಲನಶಾಸ್ತ್ರ ಇವು ಮೊದಲ ಎರಡು ವರ್ಷಗಳಲ್ಲೇ ಕೈಗೆ ಹತ್ತಬೇಕು. ಲೆಕ್ಕ ಬಿಡಿಸುವಾಗ ಉತ್ತರದ ಪುಟ ತೆರೆಯುವ ಮುನ್ನ ಅರ್ಧ ಗಂಟೆಯಾದರೂ ಒದ್ದಾಡಿ. ನೋಡಿಯೇಬಿಟ್ಟರೆ ಮಾರನೇ ದಿನ ಖಾಲಿ ಹಾಳೆಯಲ್ಲಿ, ಪುಸ್ತಕ ಮುಚ್ಚಿ, ಮತ್ತೆ ಬಿಡಿಸಿ. ಓದಿ ಅರ್ಥವಾಗುವುದಕ್ಕೂ ಬಿಡಿಸಲು ಬರುವುದಕ್ಕೂ ಎಷ್ಟು ಅಂತರವಿದೆ ಎಂಬುದು ಅಲ್ಲಿ ತಿಳಿಯುತ್ತದೆ.

ಎಲ್ಲಕ್ಕಿಂತ ಹೆಚ್ಚು ಕಡೆಗಣನೆಗೆ ಒಳಗಾಗಿರುವುದು ಪ್ರಯೋಗಾಲಯ. ಸರಳ ಲೋಲಕದಿಂದ ಗುರುತ್ವ ವೇಗೋತ್ಕರ್ಷ ಅಳೆಯುವ ಪ್ರಯೋಗವನ್ನು ಮಾಡದ ವಿದ್ಯಾರ್ಥಿಯಿಲ್ಲ; ಅದರ ದೋಷವನ್ನು ಸರಿಯಾಗಿ ಲೆಕ್ಕ ಹಾಕಿದವರು ಕಡಿಮೆ. ದಾರ 1 ಮೀಟರ್, ಅಳತೆಯ ದೋಷ 1 ಮಿಲಿಮೀಟರ್ ಎಂದರೆ ಶೇ 0.1. ಆಂದೋಲನಾವಧಿ ಸುಮಾರು 2 ಸೆಕೆಂಡ್. ಸ್ಟಾಪ್‌ವಾಚ್ ಒತ್ತುವ ಕೈಯ ತಡವರಿಕೆ 0.2 ಸೆಕೆಂಡ್ ಎಂದುಕೊಂಡರೆ, ಒಂದೇ ಆಂದೋಲನ ಅಳೆದಾಗ ಅವಧಿಯಲ್ಲಿ ಶೇ 10ರ ದೋಷ. ಗುರುತ್ವ ವೇಗೋತ್ಕರ್ಷದ ಸೂತ್ರದಲ್ಲಿ (g = 4π²L/T²) ಅವಧಿಯ ವರ್ಗ ಇರುವುದರಿಂದ ಉತ್ತರದಲ್ಲಿ ಅದು ಶೇ 20 ಆಗುತ್ತದೆ. 20 ಆಂದೋಲನಗಳನ್ನು ಒಟ್ಟಿಗೆ ಅಳೆದರೆ ಅದೇ 0.2 ಸೆಕೆಂಡ್ 40 ಸೆಕೆಂಡಿನ ಮೇಲೆ ಹರಡಿ, ಉತ್ತರದ ದೋಷ ಶೇ 1ಕ್ಕೆ ಇಳಿಯುತ್ತದೆ. ಆಗಲೂ ದೊಡ್ಡ ದೋಷ ಕಾಲದ್ದೇ. ದಾರವನ್ನು ಇನ್ನಷ್ಟು ಸೂಕ್ಷ್ಮವಾಗಿ ಅಳೆಯಲು ಹೋಗುವುದು ವ್ಯರ್ಥ ಶ್ರಮ. ಇನ್ನೊಂದಿದೆ. ಈ ಸೂತ್ರ ಸಣ್ಣ ಕೋನಕ್ಕೆ ಮಾತ್ರ ಸರಿ. ಲೋಲಕವನ್ನು 20 ಡಿಗ್ರಿ ಎಳೆದು ಬಿಟ್ಟರೆ ಅವಧಿ ಸುಮಾರು ಶೇ 0.8ರಷ್ಟು ಹೆಚ್ಚುತ್ತದೆ, ಉತ್ತರ ಶೇ 1.5ರಷ್ಟು ಕಡಿಮೆ ಬರುತ್ತದೆ. ಎಷ್ಟು ಸಲ ಅಳೆದು ಸರಾಸರಿ ತೆಗೆದರೂ ಈ ದೋಷ ಹೋಗದು, ಏಕೆಂದರೆ ಅದು ಪ್ರತಿ ಸಲವೂ ಒಂದೇ ದಿಕ್ಕಿಗೆ ಎಳೆಯುತ್ತದೆ. ಇದನ್ನು ತಾನಾಗಿ ಗುರುತಿಸಿ ಲ್ಯಾಬ್ ಪುಸ್ತಕದಲ್ಲಿ ಬರೆದ ವಿದ್ಯಾರ್ಥಿಯ ಬಗ್ಗೆ ಅಧ್ಯಾಪಕರಿಗೆ ಬರೆಯಲು ಒಂದು ಇಡೀ ಪ್ಯಾರಾ ಸಿಕ್ಕಿತು. 9.8 ಬರುವವರೆಗೆ ಅಂಕಿಗಳನ್ನು ತಿದ್ದಿದವನ ಬಗ್ಗೆ ಏನು ಬರೆಯುವುದು?

ಕಂಪ್ಯೂಟರ್ ಕೆಲಸಕ್ಕೂ ಇದೇ ಮಾತು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯಿರಿ, ಆದರೆ ಪ್ರಮಾಣಪತ್ರಕ್ಕಾಗಿ ಅಲ್ಲ. ಸ್ಪ್ರಿಂಗ್‌ಗೆ ಕಟ್ಟಿದ ದ್ರವ್ಯರಾಶಿಯ ಚಲನೆಯನ್ನು ಆಯ್ಲರ್ ವಿಧಾನದಲ್ಲಿ, ಅಂದರೆ ಕಾಲವನ್ನು ಸಣ್ಣ ಹೆಜ್ಜೆಗಳಾಗಿ ಕತ್ತರಿಸಿ ಈಗಿನ ಸ್ಥಿತಿಯಿಂದ ಮುಂದಿನದನ್ನು ಲೆಕ್ಕ ಹಾಕುತ್ತ, ಬಿಡಿಸಿ ನೋಡಿ. ಕೋನೀಯ ಆವರ್ತಾಂಕ ಮತ್ತು ಕಾಲದ ಹೆಜ್ಜೆ ಇವೆರಡರ ಗುಣಲಬ್ಧ 0.1 ಇದ್ದರೆ ಪ್ರತಿ ಹೆಜ್ಜೆಗೂ ಶಕ್ತಿ ಶೇ 1ರಷ್ಟು ಏರುತ್ತದೆ. ಒಂದು ಆಂದೋಲನ ಮುಗಿಯುವಷ್ಟರಲ್ಲಿ ಹತ್ತಿರ ಹತ್ತಿರ ಎರಡು ಪಟ್ಟಾಗಿರುತ್ತದೆ. ಪ್ರೋಗ್ರಾಂ ಎಲ್ಲೂ ನಿಲ್ಲುವುದಿಲ್ಲ, ಚಿತ್ರವೂ ಅಂದವಾಗಿಯೇ ಬರುತ್ತದೆ, ಭೌತವಿಜ್ಞಾನ ಮಾತ್ರ ತಪ್ಪು. ಲೀಪ್‌ಫ್ರಾಗ್ ವಿಧಾನಕ್ಕೆ (ಸ್ಥಾನ, ವೇಗಗಳನ್ನು ಅರ್ಧ ಹೆಜ್ಜೆ ಅಂತರದಲ್ಲಿ ಸರದಿಯಂತೆ ಲೆಕ್ಕ ಹಾಕುವುದು) ಬದಲಿಸಿದರೆ ಶಕ್ತಿ ಒಂದು ಮಿತಿಯೊಳಗೆ ಏರಿಳಿಯುತ್ತದೆಯೇ ಹೊರತು ಕೈಮೀರಿ ಬೆಳೆಯುವುದಿಲ್ಲ. ಫಲಿತಾಂಶ ನಂಬುವ ಮೊದಲು ಶಕ್ತಿ ಸಂರಕ್ಷಣೆಯಾಗಿದೆಯೇ ಎಂದು ನೋಡುವ ಅಭ್ಯಾಸ ಸಂಶೋಧನೆಯಲ್ಲಿ ದಿನವೂ ಬೇಕಾಗುತ್ತದೆ.

ಸಂಶೋಧನೆಯ ಅನುಭವಕ್ಕೆ ಅಧ್ಯಾಪಕರಿಗೆ ಇಮೇಲ್ ಬರೆಯುವಾಗ ಇನ್ನೂರು ಪದ ಸಾಕು. ಯಾವ ವಿಷಯ ಓದಿದ್ದೀರಿ, ಅವರ ಯಾವ ಪ್ರಬಂಧ ನೋಡಿದಿರಿ, ವಾರಕ್ಕೆ ಎಷ್ಟು ಗಂಟೆ ಕೊಡಬಲ್ಲಿರಿ – ಇಷ್ಟೇ. ಒಂದೇ ಪತ್ರವನ್ನು ಐವತ್ತು ಜನರಿಗೆ ಕಳಿಸಿದರೆ ಓದುವವರಿಗೆ ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ. ಕೆಲಸ ಸಿಕ್ಕ ಮೇಲೆ ದಿನಾಂಕ ಹಾಕಿದ ಟಿಪ್ಪಣಿ ಇಡಿ, ಕೆಟ್ಟುಹೋದ ಅಳತೆಗಳನ್ನೂ ಸೇರಿಸಿ. ಪ್ರಬಂಧ ಪ್ರಕಟವಾಗದಿದ್ದರೆ ಅರ್ಜಿಯೇ ಬಿದ್ದುಹೋಗುತ್ತದೆ ಎಂಬ ಭಯ ಬೇಡ. ಮಾಡಿದ್ದನ್ನು ಹತ್ತು ನಿಮಿಷದಲ್ಲಿ ಸ್ಪಷ್ಟವಾಗಿ ವಿವರಿಸಲು ಬಾರದಿದ್ದರೆ ಭಯಪಡಬೇಕಾದದ್ದೇ.

ಜಿಆರ್‌ಇ ಫಿಸಿಕ್ಸ್ ಪರೀಕ್ಷೆಯನ್ನು (ಪದವಿ ಮಟ್ಟದ ಭೌತವಿಜ್ಞಾನದ ಪ್ರವೇಶ ಪರೀಕ್ಷೆ) ಅಮೆರಿಕದ ಕೆಲವು ವಿಭಾಗಗಳು ಕೇಳುತ್ತವೆ, ಕೆಲವು ಐಚ್ಛಿಕ ಎನ್ನುತ್ತವೆ, ಕೆಲವು ಕಳಿಸಿದರೂ ನೋಡುವುದಿಲ್ಲ. ಆಯಾ ವಿಭಾಗದ ಜಾಲತಾಣದಲ್ಲಿ ಆ ವರ್ಷದ ನಿಯಮ ನೋಡಿಯೇ ಶುಲ್ಕ ಕಟ್ಟಿ. ಬರೆಯುವುದಾದರೆ ಮೆಕ್ಯಾನಿಕ್ಸ್‌ಗೆ ಸುಮಾರು ಶೇ 20, ವಿದ್ಯುತ್ಕಾಂತತೆಗೆ ಶೇ 18ರಷ್ಟು ಪಾಲಿದೆ ಎಂಬುದು ನೆನಪಿರಲಿ.

ಶಿಫಾರಸು ಕೇಳುವುದಕ್ಕೂ ಕ್ರಮವಿದೆ. ಕೊನೆಯ ದಿನಾಂಕಕ್ಕೆ ಆರು ವಾರ ಮೊದಲೇ ಕೇಳಿ. ‘ನನ್ನ ಬಗ್ಗೆ ವಿವರವಾಗಿ ಬರೆಯಲು ಸಾಧ್ಯವೇ ಸರ್’ ಎಂದು ಕೇಳಿದಾಗ ಅವರು ಹಿಂಜರಿದರೆ ಬೇರೆಯವರ ಬಳಿ ಹೋಗುವುದೇ ಲೇಸು. ಒಪ್ಪಿದವರಿಗೆ ಅಂಕಪಟ್ಟಿ, ಉದ್ದೇಶ ಪತ್ರದ (ಸ್ಟೇಟ್‌ಮೆಂಟ್ ಆಫ್ ಪರ್ಪಸ್) ಕರಡು, ವಿಶ್ವವಿದ್ಯಾಲಯಗಳ ಹೆಸರು ಮತ್ತು ಗಡುವುಗಳ ಒಂದೇ ಪಟ್ಟಿ, ಅವರ ಬಳಿ ಮಾಡಿದ ಕೆಲಸದ ಅರ್ಧ ಪುಟದ ನೆನಪೋಲೆ ಕೊಡಿ. ಮೂರರಲ್ಲಿ ಒಂದಾದರೂ ಪತ್ರ ಸಂಶೋಧನೆಯಲ್ಲಿ ಮಾರ್ಗದರ್ಶನ ಮಾಡಿದವರದ್ದಾಗಿರಲಿ. ಉದ್ದೇಶ ಪತ್ರದಲ್ಲಿ ಬಾಲ್ಯದ ನಕ್ಷತ್ರ ವೀಕ್ಷಣೆ ಬೇಡ, ದಯವಿಟ್ಟು. ಯಾವ ಪ್ರಶ್ನೆ, ಏನು ಮಾಡಿದಿರಿ, ಎಲ್ಲಿ ಕೈಕೊಟ್ಟಿತು, ಮುಂದೆ ಯಾರ ಬಳಿ ಏನು ಮಾಡುವಾಸೆ ಎಂಬುದು ಎರಡು ಪುಟದೊಳಗೆ ಬರಲಿ. ಹೆಸರಿಸುವ ಪ್ರಾಧ್ಯಾಪಕರು ನಿವೃತ್ತರಾಗಿಲ್ಲ ಎಂಬುದನ್ನು ಖಚಿತಪಡಿಸಿಕೊಳ್ಳಿ. ಒಂದು ವಿಶ್ವವಿದ್ಯಾಲಯದ ಅರ್ಜಿಯಲ್ಲಿ ಇನ್ನೊಂದರ ಹೆಸರು ಉಳಿದುಬಿಡುವುದು ನಗೆಪಾಟಲು, ಆದರೂ ಮತ್ತೆ ಮತ್ತೆ ಆಗುತ್ತದೆ.

ಅಮೆರಿಕದಲ್ಲಿ ಪದವಿಯ ನಂತರ ನೇರ ಪಿಎಚ್‌.ಡಿ.ಗೆ ಸೇರಬಹುದು. ಬೋಧನಾ ಶುಲ್ಕ ಮನ್ನಾ ಮಾಡಿ, ಬೋಧನಾ ಅಥವಾ ಸಂಶೋಧನಾ ಸಹಾಯಕ ಕೆಲಸಕ್ಕೆ ವೇತನ ಕೊಡುವುದು ಭೌತವಿಜ್ಞಾನದಲ್ಲಿ ರೂಢಿ. ಯುರೋಪಿನ ಬಹುತೇಕ ಕಡೆ ಮೊದಲು ಸ್ನಾತಕೋತ್ತರ ಪದವಿ ಬೇಕು, ಅಲ್ಲಿ ಪಿಎಚ್‌.ಡಿ. ಸ್ಥಾನಗಳಿಗೆ ಉದ್ಯೋಗದಂತೆ ಜಾಹೀರಾತು ಬರುವುದೂ ಉಂಟು. ಅಮೆರಿಕದ ಗಡುವುಗಳು ಹೆಚ್ಚಾಗಿ ಡಿಸೆಂಬರ್ ಮಧ್ಯಭಾಗದಿಂದ ಜನವರಿ ಮೊದಲ ವಾರಗಳವರೆಗೆ ಬರುತ್ತವೆ. ಅಲ್ಲಿನ ಗ್ರಾಜುಯೇಟ್ ಶಾಲೆಗಳ ಮಂಡಳಿಯ ನಿರ್ಣಯಕ್ಕೆ ಸಹಿ ಹಾಕಿರುವ ಸಂಸ್ಥೆಗಳು ಧನಸಹಾಯದ ಆಹ್ವಾನ ಕೊಟ್ಟರೆ, ಏಪ್ರಿಲ್ 15ಕ್ಕೆ ಮೊದಲು ಉತ್ತರಿಸಬೇಕೆಂದು ಒತ್ತಾಯಿಸುವಂತಿಲ್ಲ. ಬೇಡವೆಂದು ತೀರ್ಮಾನಿಸಿದ ಆಹ್ವಾನವನ್ನು ಮಾತ್ರ ಆ ದಿನದವರೆಗೆ ಹಿಡಿದಿಡದೆ ಕೂಡಲೇ ತಿಳಿಸಿಬಿಡಿ. ಕಾಯುವ ಪಟ್ಟಿಯಲ್ಲಿರುವ ಇನ್ನೊಬ್ಬರಿಗೆ ಆ ಸ್ಥಾನ ಹೋಗುತ್ತದೆ.

ಇತಿ,
ಪದವಿ ತರಗತಿಗಳಿಗೆ ಭೌತವಿಜ್ಞಾನ ಬೋಧಿಸುವ ಅಧ್ಯಾಪಕರು